ಮರದ ಮೇಲಿರುವುದು ಕ್ರೌಂಚವಲ್ಲ

ಮಾನ್ಯ ಸಂಪಾದಕರೇ,

ಭಾನುವಾರದ ಪುರವಣಿಯಲ್ಲಿ ‘ಕ್ರೌಂಚಗಳ ಸಂಸಾರ’ ಎಂಬ ಅಡಿಬರಹದೊಂದಿಗೆ ಅಚ್ಚಾಗಿರುವ ಚಿತ್ರದಲ್ಲಿರುವುದು ಬಣ್ಣದ ಕೊಕ್ಕರೆಗಳು. ಹಳದಿ ಕೊಕ್ಕು ಮತ್ತು ಬಾಲದ ಬಳಿಯ ಗುಲಾಬಿ ಗರಿ ನೋಡಿದರೆ ಗೊತ್ತಾಗುತ್ತದೆ. ಅಷ್ಟು ದೂರ ಹೋಗುವುದೂ ಬೇಡ, ಮರದ ತುದಿಯಲ್ಲಿ ಗೂಡು ಕಟ್ಟಿವೆ ಎಂಬುದೇ ಸಾಕು. ಉದ್ದ ಕಾಲಿನ ಹಕ್ಕಿಯನ್ನೆಲ್ಲ ಕೊಕ್ಕರೆ ಎನ್ನುವುದು ಆಡುಮಾತಿನ ರೂಢಿ, ಅದು ಇರಲಿ. ಆದರೆ ಕ್ರೌಂಚ (ಇಂಗ್ಲಿಷಿನ ಕ್ರೇನ್) ಎಂದು ಬರೆದ ಮೇಲೆ ಅದು ಕ್ರೌಂಚವೇ ಆಗಿರಬೇಕು.

ಜಗತ್ತಿನಲ್ಲಿ ಕ್ರೌಂಚಗಳು 15 ಪ್ರಭೇದ. ದಕ್ಷಿಣ ಅಮೆರಿಕ ಮತ್ತು ಅಂಟಾರ್ಕ್ಟಿಕಾ ಬಿಟ್ಟು ಉಳಿದೆಲ್ಲ ಖಂಡಗಳಲ್ಲೂ ಇವೆ. ಸಾರಸ ಇವುಗಳಲ್ಲೊಂದು. ಸುಮಾರು 1.8 ಮೀಟರ್ ಎತ್ತರಕ್ಕೆ ಬೆಳೆಯುವ ಇದು ಹಾರುವ ಹಕ್ಕಿಗಳಲ್ಲೇ ಅತಿ ಎತ್ತರದ್ದು. ಅತಿ ಚಿಕ್ಕದು ಡೆಮೊಸೆಲ್, ಅದರ ಅರ್ಧದಷ್ಟು. 13 ಪ್ರಭೇದಗಳ ಹಿಂಬೆರಳು ಗಿಡ್ಡ, ನೆಲದಿಂದ ಮೇಲಕ್ಕೇ ಇರುತ್ತದೆ. ಅದರಿಂದ ಕೊಂಬೆ ಹಿಡಿಯಲಾಗದು. ಆಫ್ರಿಕಾದ ಎರಡು ಕಿರೀಟದ ಕ್ರೌಂಚಗಳಿಗೆ ಮಾತ್ರ ಉದ್ದನೆಯ ಹಿಂಬೆರಳಿದೆ, ರಾತ್ರಿ ಅವು ಮರದಲ್ಲಿ ತಂಗುತ್ತವೆ. ಅವೂ ಸಾಮಾನ್ಯವಾಗಿ ಗೂಡು ಕಟ್ಟುವುದು ಜೌಗಿನ ಹುಲ್ಲಿನಲ್ಲೇ.

ಹಾರುವಾಗ ಗುರುತಿಸುವಲ್ಲಿ ಹಲವರು ಎಡವುತ್ತಾರೆ. ಬೆಳ್ಳಕ್ಕಿ, ಬಕಗಳು ಕತ್ತನ್ನು ಮಡಚಿಕೊಂಡು ಹಾರುತ್ತವೆ, ಕ್ರೌಂಚಗಳು ಚಾಚಿಕೊಂಡು. ಇಷ್ಟನ್ನೇ ನಂಬಿದರೆ ಕೆಲಸ ಕೆಡುತ್ತದೆ, ಯಾಕೆಂದರೆ ಬಣ್ಣದ ಕೊಕ್ಕರೆಯ ಬಳಗವೂ ಕತ್ತು ಚಾಚಿಯೇ ಹಾರುತ್ತದೆ. ಆಗ ಕಿವಿಯನ್ನು ನಂಬಬೇಕು. ಬೆಳೆದ ಕೊಕ್ಕರೆಗಳಿಗೆ ದನಿ ಇಲ್ಲವೆಂದೇ ಹೇಳಬಹುದು, ಕೊಕ್ಕು ಕಟಕಟಿಸುತ್ತವೆ. ಕ್ರೌಂಚದ ಕೂಗು ಕಹಳೆಯಂತೆ ಕಿಲೋಮೀಟರುಗಟ್ಟಲೆ ಕೇಳುತ್ತದೆ. ಉತ್ತರ ಅಮೆರಿಕದ ಹೂಪಿಂಗ್ ಕ್ರೌಂಚದ ಶ್ವಾಸನಾಳ ಸುಮಾರು 1.5 ಮೀಟರ್ ಉದ್ದ. ಅದರ ಅರ್ಧದಷ್ಟು ಎದೆಮೂಳೆಯೊಳಗೆ ಸುರುಳಿಯಾಗಿ ಕೂತಿರುತ್ತದೆ. ಮೂಳೆ ಕಂಪಿಸಿ ದನಿಗೆ ಬಲ ಕೊಡುತ್ತದೆ. ಕಿರೀಟದ ಕ್ರೌಂಚಗಳಲ್ಲಿ ಈ ಸುರುಳಿ ಇಲ್ಲ, ಅವುಗಳ ಕೂಗೂ ಮೊಟಕು.

ನಿಂತ ಹಕ್ಕಿಯಲ್ಲಿ ಬಾಲದಂತೆ ಜೋತು ಬಿದ್ದಿರುವ ಗರಿಗೊಂಚಲು ನಿಜಕ್ಕೂ ಬಾಲವಲ್ಲ, ಮಡಚಿದ ರೆಕ್ಕೆಯ ಒಳಗರಿಗಳು. ತಲೆಯ ಕೆಂಪು ಕೂಡ ಗರಿಯಲ್ಲ, ಬೋಳು ಚರ್ಮ. ಹಕ್ಕಿ ಕೆರಳಿದಾಗ ಅದು ಹಿಗ್ಗಿ ರಂಗೇರುತ್ತದೆ. ಡೆಮೊಸೆಲ್ ಮತ್ತು ದಕ್ಷಿಣ ಆಫ್ರಿಕಾದ ನೀಲಿ ಕ್ರೌಂಚಗಳಿಗೆ ಈ ಚರ್ಮವಿಲ್ಲ. ಉತ್ತರ ಆಸ್ಟ್ರೇಲಿಯಾದಲ್ಲಿ ಸಾರಸ ಮತ್ತು ಬ್ರಾಲ್ಗಾ ಎಂಬ ಇನ್ನೊಂದು ಕ್ರೌಂಚ ಒಟ್ಟಿಗೇ ಸಿಗುವುದರಿಂದ ಅಲ್ಲಿ ಈ ಕೆಂಪೇ ಕೈಹಿಡಿಯುವ ಗುರುತು: ಸಾರಸದಲ್ಲಿ ಕತ್ತಿನ ಮೇಲ್ಭಾಗಕ್ಕೂ ಇಳಿದಿರುತ್ತದೆ, ಬ್ರಾಲ್ಗಾದಲ್ಲಿ ತಲೆಗೇ ಮುಗಿಯುತ್ತದೆ. ಸಾರಸದ ಕಾಲು ನಸುಗೆಂಪು, ಬ್ರಾಲ್ಗಾದ್ದು ಕಡು ಬೂದು.

ಒಂದು ಅಡಿಬರಹಕ್ಕೆ ಇಷ್ಟು ದೊಡ್ಡ ಪತ್ರವೇ ಎಂದು ಕೇಳಬಹುದು. ಚಿತ್ರ ನೋಡಿದ ಓದುಗರು ಮರ ಉಳಿದರೆ ಕ್ರೌಂಚ ಉಳಿಯಿತು ಎಂದುಕೊಳ್ಳುತ್ತಾರೆ. ಕ್ರೌಂಚಕ್ಕೆ ಬೇಕಾದದ್ದು ಬೇರೆ. ಹೆಚ್ಚಿನವು ತೆಳುನೀರಿನಲ್ಲಿ ಜೊಂಡು ರಾಶಿ ಹಾಕಿ ಗೂಡು ಕಟ್ಟುತ್ತವೆ. ಸುತ್ತಲಿನ ನೀರೇ ಕಂದಕ. ನೀರು ಬಸಿದರೆ ನರಿ, ನಾಯಿಗಳು ನಡೆದೇ ಗೂಡು ಸೇರುತ್ತವೆ. ತಟ್ಟನೆ ಏರಿದರೆ ಮೊಟ್ಟೆ ಮುಳುಗುತ್ತದೆ. ಇಡುವುದೇ ಸಾಮಾನ್ಯವಾಗಿ ಎರಡು ಮೊಟ್ಟೆ, ಕಾವು ಸುಮಾರು ಒಂದು ತಿಂಗಳು. ಮರಿ ಒಂದೆರಡು ದಿನದೊಳಗೆ ಗೂಡು ಬಿಟ್ಟು ನಡೆಯುತ್ತದೆ, ಆದರೆ ಬಹಳ ಸಲ ಹಾರುವ ಹಂತ ತಲುಪುವುದು ಒಂದೇ. ಆ ಮರಿ ತಾನು ಗೂಡು ಕಟ್ಟಲು ಮತ್ತೆ ಮೂರರಿಂದ ಐದು ವರ್ಷ ಬೇಕು. ಹೀಗಾಗಿ ಒಮ್ಮೆ ಕುಸಿದ ಸಂಖ್ಯೆ ಬೇಗ ಏರುವುದಿಲ್ಲ. 1941ರಲ್ಲಿ ಹದಿನಾರರ ಆಸುಪಾಸಿಗೆ ಇಳಿದಿದ್ದ ಹೂಪಿಂಗ್ ಕ್ರೌಂಚಗಳ ವಲಸೆ ಹಿಂಡು 500 ದಾಟಲು ಎಂಟು ದಶಕದ ಹತ್ತಿರ ಹಿಡಿಯಿತು. ಸೈಬೀರಿಯನ್ ಕ್ರೌಂಚದ ಸ್ಥಿತಿ ಇನ್ನೂ ನಾಜೂಕು. ಉಳಿದ ಹೆಚ್ಚುಕಡಿಮೆ ಎಲ್ಲ ಹಕ್ಕಿಗಳೂ ಚಳಿಗಾಲ ಕಳೆಯುವುದು ಚೀನಾದ ಪೊಯಾಂಗ್ ಸರೋವರದ ಆಸುಪಾಸಿನಲ್ಲಿ. ಕೆಸರಿನಿಂದ ನೀರುಸಸ್ಯಗಳ ಗೆಡ್ಡೆ ಕಿತ್ತು ತಿನ್ನುವ ಈ ಹಕ್ಕಿಗೆ ನೀರು ಆಳವಾದರೆ ಕೊಕ್ಕು ನಿಲುಕುವುದಿಲ್ಲ, ಪೂರ್ತಿ ಒಣಗಿದರೆ ನೆಲ ಬಿರುಸಾಗಿ ಅಗೆಯಲಾಗದು.

ದಯವಿಟ್ಟು ತಿದ್ದುಪಡಿ ಪ್ರಕಟಿಸಿ. ಮುಂದೆ ಇಂಥ ಚಿತ್ರ ಬಂದಾಗ ತೆಗೆದವರನ್ನು ಎರಡೇ ಮಾತು ಕೇಳಿ: ಹಕ್ಕಿ ಎಲ್ಲಿ ಕೂತಿತ್ತು? ಕೂಗಿದ್ದು ಕೇಳಿಸಿತೇ?

ಇಂತಿ,
ಪಕ್ಷಿ ವೀಕ್ಷಕರೊಬ್ಬರು