ಚಾಲಕನಿಲ್ಲದ ಕಾರು ನಮ್ಮ ಮಕ್ಕಳಿಗೂ ಸಿಗಲಿ

ಮಾನ್ಯ ಸಂಪಾದಕರೆ,

2021ರ ಅಕ್ಟೋಬರ್‌ನಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್ ಟ್ರ್ಯಾಕ್‌ನಲ್ಲಿ ನಡೆದ ಓಟವನ್ನು ನಾನಿನ್ನೂ ಮರೆತಿಲ್ಲ. ರೇಸ್ ಕಾರುಗಳಲ್ಲಿ ಚಾಲಕರೇ ಇರಲಿಲ್ಲ. ಓಡಿಸಿದ್ದು ವಿಶ್ವವಿದ್ಯಾಲಯಗಳ ತಂಡಗಳು ಬರೆದ ಸಾಫ್ಟ್‌ವೇರ್. ಎಲ್ಲರಿಗೂ ಒಂದೇ ಬಗೆಯ ಕಾರು. ಗಂಟೆಗೆ 200 ಕಿ.ಮೀ.ಗೂ ಜಾಸ್ತಿ ವೇಗದಲ್ಲಿ ಓಡಿಸಿ, ಜರ್ಮನಿಯ ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯದ ತಂಡ 10 ಲಕ್ಷ ಡಾಲರ್ ಗೆದ್ದಿತು.

ನಮ್ಮಲ್ಲಿ ಎಂಜಿನಿಯರಿಂಗ್‌ನ ಕೊನೆಯ ವರ್ಷದ ಪ್ರಾಜೆಕ್ಟನ್ನೇ ದುಡ್ಡು ಕೊಟ್ಟು ಕೊಳ್ಳುವವರನ್ನು ಕಂಡಾಗ ಸಂಕಟವಾಗುತ್ತದೆ. ನಮ್ಮ ಮಕ್ಕಳೂ ಇಂಥದ್ದನ್ನು ಕಲಿಯೋಕೆ ಅಷ್ಟು ದೊಡ್ಡ ಕಾರೇ ಬೇಕಿಲ್ಲ ಅಲ್ವಾ? ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ‘ಎಫ್‌ಒನ್‌ಟೆಂತ್’ ಹೆಸರಲ್ಲಿ ಶುರುವಾದ ಚಾಲಕನಿಲ್ಲದ ಓಟದ ಕಾರು ಅಸಲಿ ಕಾರಿನ ಹತ್ತನೇ ಒಂದು ಪಾಲಿನಷ್ಟೇ. ಕಟ್ಟುವ ವಿಧಾನ ಎಲ್ಲರಿಗೂ ಉಚಿತ. ನಮ್ಮ ಎಂಜಿನಿಯರಿಂಗ್ ಕಾಲೇಜುಗಳು ಆಸಕ್ತಿ ಇರುವ ಒಬ್ಬ ಮೇಷ್ಟ್ರನ್ನು ಜೊತೆಗೆ ಕೊಟ್ಟು, ಸಂಜೆ ಐದಕ್ಕೆ ಲ್ಯಾಬ್‌ಗೆ ಬೀಗ ಹಾಕದಿದ್ದರೆ ಸಾಕು.

– ಒಬ್ಬ ವಿದ್ಯಾರ್ಥಿನಿಯ ತಂದೆ, ಹಾಸನ