ಶ್ರವಣಯಂತ್ರ ಕೊಟ್ಟರೆ ಸಾಲದು, ಮತ್ತೊಮ್ಮೆ ಕರೆಯಬೇಕು

ಮಾನ್ಯ ಸಂಪಾದಕರೇ,

ಹಬ್ಬಕ್ಕೆಂದು ಬೆಂಗಳೂರು, ಪುಣೆಯಿಂದ ಮಕ್ಕಳು ಮೊಮ್ಮಕ್ಕಳು ಬಂದು ಪಡಸಾಲೆ ತುಂಬಿರುವಾಗಲೇ ಅಜ್ಜ ಎದ್ದು ಹೊರಗಿನ ಕಟ್ಟೆಗೆ ಹೋಗಿ ಕೂರುತ್ತಾನೆ. ವಯಸ್ಸಾಯಿತು, ಯಾರೂ ಬೇಡವಾಗಿದೆ ಎಂದು ಮನೆಯವರು ಅಂದುಕೊಳ್ಳುತ್ತಾರೆ. ಎಷ್ಟೋ ಮನೆಗಳಲ್ಲಿ ನಿಜವಾದ ಕಾರಣ ಕಿವಿ. 60 ದಾಟಿದ ನಾಲ್ವರಲ್ಲಿ ಒಬ್ಬರಿಗಾದರೂ ಬದುಕಿಗೆ ತೊಡಕಾಗುವಷ್ಟು ಕಿವಿ ಮಂದವಾಗಿರುತ್ತದೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಬೆಟಗೇರಿಯ ಮಗ್ಗ, ಹತ್ತಿಯ ಜಿನ್ನಿಂಗ್ ಮಿಲ್ಲು, ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಂಥ ಕಡೆ ವರ್ಷಗಟ್ಟಲೆ ಸದ್ದಿನ ನಡುವೆ ದುಡಿದವರಿಗೆ ಇದು ಇನ್ನೂ ಬೇಗ ಬರಬಹುದು.

‘ಕೇಳತೈತಿ, ಆದ್ರ ತಿಳಿಯಂಗಿಲ್ಲ’ ಎಂದು ಹಿರಿಯರು ಹೇಳುವುದು ಅಕ್ಷರಶಃ ಸತ್ಯ. ವಯಸ್ಸಿನಿಂದ ಮೊದಲು ಹೋಗುವುದು ತೀಕ್ಷ್ಣ ಸ್ಥಾಯಿಯ ಸದ್ದು. ಸ, ಶ, ಕ, ತ, ಪ ಜಾರಿಹೋಗಿ ಸ್ವರಗಳಷ್ಟೇ ಉಳಿಯುತ್ತವೆ. ಸಾಲು, ಕಾಲು, ಪಾಲು ಮೂರೂ ಒಂದೇ ಆಗುತ್ತವೆ. ಕೂಗಿದರೆ ಜೋರಾಗುವುದು ಸ್ವರವೇ, ವ್ಯಂಜನ ಇನ್ನಷ್ಟು ಮುಳುಗುತ್ತದೆ. ಮೇಲಾಗಿ ಕೂಗುವವರ ಮುಖ ಸಿಟ್ಟಿನ ಮುಖದಂತೆಯೇ ಕಾಣುತ್ತದೆ. ಬೈದರು ಎಂದುಕೊಂಡು ಅಜ್ಜಿ ಸುಮ್ಮನಾಗುತ್ತಾಳೆ. ‘ಬಿಡು, ಆಕಿಗೆ ಕೇಳಂಗಿಲ್ಲ’ ಎಂಬ ಮಾತು ಮನೆಯಲ್ಲಿ ಹುಟ್ಟುವುದೇ ಆಗ. ಅಲ್ಲಿಂದ ಮುಂದೆ ಅವಳಿಗೆ ಊಟ, ಔಷಧದ ಮಾತಷ್ಟೇ ಉಳಿಯುತ್ತದೆ. ಈ ಒಂಟಿತನ ಕಣ್ಣೆದುರಿನ ಸಂಸಾರದ ನಡುವೆಯೇ ನಡೆಯುತ್ತದೆ.

ಟಿ.ವಿ. ಆರಿಸಿ, ಮೂರು ಅಡಿ ದೂರದಲ್ಲಿ ಎದುರಿಗೆ ಕೂತು, ನಮ್ಮ ಮುಖದ ಮೇಲೆ ಬೆಳಕು ಬೀಳುವಂತೆ ನೋಡಿಕೊಂಡು ನಿಧಾನವಾಗಿ ಮಾತಾಡಬೇಕು. ತಿಳಿಯದಿದ್ದರೆ ಅದೇ ಪದವನ್ನು ಮೂರು ಸಲ ಹೇಳುವ ಬದಲು ಬೇರೆ ಪದ ಬಳಸಬೇಕು. ದೂರದೂರಿನ ಮಕ್ಕಳು ವಿಡಿಯೊ ಕರೆ ಮಾಡಿದರೆ ತುಟಿಯ ಚಲನೆಯಾದರೂ ಕಾಣುತ್ತದೆ.

ಶ್ರವಣಯಂತ್ರಕ್ಕೆ ಮೊದಲು ಕಿವಿಯಲ್ಲಿ ಗುಗ್ಗೆ ಕಟ್ಟಿದೆಯೇ ಎಂದು ವೈದ್ಯರಿಂದ ನೋಡಿಸಬೇಕು. ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಡುವುದು ಬೇಡ, ಕಿವಿಯ ತಮಟೆಯಲ್ಲಿ ತೂತಿದ್ದರೆ ಒಳಗೆ ಸೋಂಕಾಗಬಹುದು. ಹುಬ್ಬಳ್ಳಿ, ಗದಗ, ಹಾವೇರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳ ಕಿವಿ-ಮೂಗು-ಗಂಟಲು ವಿಭಾಗದಲ್ಲಿ ತೋರಿಸಬಹುದು. ಬಡ ಹಿರಿಯರಿಗೆ ಯಂತ್ರ ಕೊಡಲು 2017ರಿಂದ ಕೇಂದ್ರದ ವಯೋಶ್ರೀ ಯೋಜನೆಯೂ ಇದೆ.

ಆದರೆ ಶಿಬಿರಗಳಲ್ಲಿ ಕೊಟ್ಟ ಯಂತ್ರಗಳು ಕಪಾಟು ಸೇರುತ್ತಿವೆ, ನಮ್ಮ ಕಳವಳ ಅದೇ. ಹಾಕಿದ ಮೊದಲ ದಿನವೇ ಮಿಕ್ಸರ್, ಪಾತ್ರೆಯ ಸದ್ದು ತಲೆಗೆ ಬಡಿದಂತಾಗುತ್ತದೆ. ವರ್ಷಗಳಿಂದ ಆ ಸದ್ದು ಕೇಳದ ಮಿದುಳಿಗೆ ಹೊಂದಿಕೊಳ್ಳಲು ಕೆಲವು ವಾರ ಬೇಕು. ಶಾಂತವಾದ ಕೋಣೆಯಲ್ಲಿ ದಿನಕ್ಕೆ ಒಂದೆರಡು ಗಂಟೆ, ಒಬ್ಬರ ಜೊತೆ ಮಾತಾಡುತ್ತ ಶುರು ಮಾಡಿ ಹೆಚ್ಚಿಸುತ್ತ ಹೋಗಬೇಕು. ‘ಕುಂಯ್’ ಎಂದು ಶಿಳ್ಳೆ ಹೊಡೆದರೆ ಯಂತ್ರ ಕೆಟ್ಟಿದೆ ಎಂದಲ್ಲ. ಹೆಚ್ಚಾಗಿ ಯಂತ್ರದ ಕಿವಿಯೊಳಗೆ ಕೂರುವ ಅಚ್ಚು ಸರಿಯಾಗಿ ಕೂತಿರುವುದಿಲ್ಲ ಅಥವಾ ಕಿವಿಯಲ್ಲಿ ಗುಗ್ಗೆ ಇರುತ್ತದೆ. ಗುಂಡಿ ಬ್ಯಾಟರಿಯ ಸ್ಟಿಕ್ಕರ್ ಕಿತ್ತು ಒಂದು ನಿಮಿಷ ಗಾಳಿಗಿಟ್ಟು ಹಾಕಬೇಕು. ಒಮ್ಮೆ ಕಿತ್ತರೆ ಬಳಸದಿದ್ದರೂ ಅದು ಸವೆಯುತ್ತದೆ, ಹಾಗಾಗಿ ಪೊಟ್ಟಣದ ಎಲ್ಲ ಬ್ಯಾಟರಿಗಳ ಸ್ಟಿಕ್ಕರ್ ಒಟ್ಟಿಗೆ ಕೀಳಬಾರದು. ರಾತ್ರಿ ಬ್ಯಾಟರಿ ಬಾಗಿಲು ತೆರೆದಿಡಬೇಕು. ಧಾರವಾಡದ ಮಳೆಗಾಲದಲ್ಲಂತೂ ತೇವ ಹೀರುವ ಸಿಲಿಕಾ ಜೆಲ್ ಇರುವ ಡಬ್ಬಿ ಬೇಕೇ ಬೇಕು.

ಇಷ್ಟನ್ನೂ ಶಿಬಿರದ ಗದ್ದಲದಲ್ಲಿ, ಕಿವಿ ಕೇಳದವರಿಗೆ, ಐದು ನಿಮಿಷದಲ್ಲಿ ಹೇಳಿ ಕಳಿಸಲಾಗುತ್ತಿದೆ. ಶಿಬಿರ ನಡೆಸುವವರು ಮನೆಯ ಒಬ್ಬರನ್ನು ಜೊತೆಗೆ ಕರೆಸಲಿ. ಮೂರು ವಾರದ ನಂತರ ಅದೇ ಊರಿಗೆ ಮತ್ತೆ ಬಂದು ಅಚ್ಚು, ಸದ್ದಿನ ಮಟ್ಟ ಸರಿಪಡಿಸಲಿ. ಆ ಎರಡನೇ ಭೇಟಿಯ ದಿನಾಂಕವನ್ನು ಯಂತ್ರದ ಡಬ್ಬಿಯ ಮೇಲೆಯೇ ಕನ್ನಡದಲ್ಲಿ ದೊಡ್ಡದಾಗಿ ಬರೆದುಕೊಡಲಿ.

– ಶ್ರವಣ ತಜ್ಞರು, ಹುಬ್ಬಳ್ಳಿ-ಧಾರವಾಡ