ಮೊದಲ ಮಳೆಗಾಲ ದಾಟಿಸಿದವರಿಗೆ

ಬಂದರದ ಹಳೇ ಗೋದಾಮಿನಲ್ಲಿರುವ ನಮ್ಮ ಇತಿಹಾಸ ಸಂಗ್ರಹಾಲಯ ಮೊದಲ ಮಳೆಗಾಲ ದಾಟಿ ಮತ್ತೆ ಬಾಗಿಲು ತೆರೆದಿದೆ. ಗಾಳಿಮಳೆಗೆ ಮಾಡು ಹಾರಿದ ಸುದ್ದಿ ಕಾರವಾರಕ್ಕೆಲ್ಲ ಗೊತ್ತು, ಅದನ್ನೇ ಇನ್ನೊಮ್ಮೆ ಬರೆಯುವುದಿಲ್ಲ. ಬರೆಯಬೇಕಾದ್ದು ನೆಂದ ಪುಸ್ತಕ ಉಳಿಸಿಕೊಟ್ಟ, ಪುಸ್ತಕಕ್ಕೆ ರಟ್ಟು ಕಟ್ಟುವ ಬೈಂಡಿಂಗ್ ಅಕ್ಕನ ಬಗ್ಗೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕುತ್ತಿಲ್ಲ.

ನೀರು ಇಳಿದದ್ದು ಹತ್ತಿ ವ್ಯಾಪಾರದ ಕೋಣೆಗೆ. 1861ರಿಂದ 1865ರವರೆಗಿನ ಅಮೆರಿಕದ ಅಂತರ್ಯುದ್ಧದಲ್ಲಿ ಇಂಗ್ಲೆಂಡಿನ ಲ್ಯಾಂಕಾಷೈರಿನ ಬಟ್ಟೆ ಗಿರಣಿಗಳಿಗೆ ಅಲ್ಲಿನ ಹತ್ತಿ ನಿಂತಾಗ, ಧಾರವಾಡದ ಹತ್ತಿ ಘಟ್ಟ ಇಳಿದು ಕುಮಟೆ ಬಂದರಕ್ಕೆ ಬಂದು ಮುಂಬಯಿಗೆ ಹೋದದ್ದನ್ನು ಹೇಳುವ ಕೋಣೆ ಅದು. ನಮ್ಮ ಉತ್ತರ ಕನ್ನಡ ಜಿಲ್ಲೆ 1862ರಲ್ಲಿ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿದ ಕಥೆಯೂ ಅಲ್ಲೇ ಇದೆ. ಊರಿನ ಮನೆಗಳವರು ಕೊಟ್ಟ ಕಿರ್ದಿ (ದಿನದ ಲೆಕ್ಕದ) ಪುಸ್ತಕಗಳೂ ಅಲ್ಲೇ ಇದ್ದವು.

ಅಕ್ಕ ಬಂದವರೇ ಮೇನ್ ಸ್ವಿಚ್ ಆರಿಸಿದರು. ಆಮೇಲೆ, "ಪುಸ್ತಕ ಬಿಚ್ಚಬೇಡಿ, ಹಾಳೆ ಎಳೀಬೇಡಿ" ಅಂದರು. ನೆಂದ ಕಾಗದಕ್ಕೆ ತನ್ನ ಭಾರ ಹೊರುವಷ್ಟೂ ಶಕ್ತಿ ಇರುವುದಿಲ್ಲ, ಮೂಲೆ ಹಿಡಿದೆತ್ತಿದರೆ ಮೂಲೆಯಷ್ಟೇ ಕೈಗೆ ಬರುತ್ತದೆ. ಅವರು ಅಡಿಗೆ ಪ್ಲಾಸ್ಟಿಕ್ ಹಾಳೆ ತೂರಿಸಿ, ಹಲಗೆಯ ಮೇಲೆ ಸರಿಸಿ, ಒಂದೊಂದೇ ಪುಸ್ತಕ ಎತ್ತಿದರು. ಕೆಂಪು ಬಟ್ಟೆಯ ರಟ್ಟು ಬಣ್ಣ ಬಿಡುತ್ತಿತ್ತು. ರಟ್ಟಿಗೂ ಮೊದಲ ಹಾಳೆಗೂ ನಡುವೆ ಬ್ಲಾಟಿಂಗ್ ಕಾಗದ, ಒಳಗೆ ಹತ್ತಿಪ್ಪತ್ತು ಹಾಳೆಗೊಂದು. ಹಾಳೆಗೊಂದರಂತೆ ತುರುಕಿದರೆ ಪುಸ್ತಕ ಉಬ್ಬಿ ಬೆನ್ನಿನ ಹೊಲಿಗೆ ಕಿತ್ತುಹೋಗುತ್ತದೆ. ಹರಡಿದ ಶಾಯಿಯನ್ನು ಒರೆಸಬಾರದು, ಮೇಲಿಂದ ಮೆಲ್ಲಗೆ ಒತ್ತಿ ನೀರು ಹೀರಿಸಬೇಕು. ಬಿಸಿಗಾಳಿ ಹಿಡಿದರೆ ಕಾಗದ ಸುರುಟುತ್ತದೆ. ಫ್ಯಾನಿನ ಮುಖ ಗೋಡೆಗಿರಬೇಕು, ಕೋಣೆಯಲ್ಲಿ ಗಾಳಿ ಆಡಿದರೆ ಸಾಕು. ಎರಡು ದಿನ ಹಾಗೇ ಬಿಟ್ಟರೆ ಬೂಷ್ಟು ಹಿಡಿಯುತ್ತದೆ, ಹಾಗಾಗಿ ಬೆಳಗಾಗಲಿ ಅಂತ ಕಾಯುವ ಮಾತೇ ಇರಲಿಲ್ಲ.

ಜನ ನಂಬಿ ಕೊಟ್ಟ ಪುಸ್ತಕಗಳು. ಅಜ್ಜನ ಕೈಬರಹ ಅಳಿಸಿಹೋಯಿತು ಅಂತ ಮೊಮ್ಮಕ್ಕಳಿಗೆ ಯಾವ ಬಾಯಲ್ಲಿ ಹೇಳುವುದು? ಅಲ್ಲಿದ್ದವರಿಗೆ ಕೈಕಾಲೇ ಆಡಲಿಲ್ಲ. ಅಳುತ್ತಿದ್ದವರಿಗೆ ಅಕ್ಕ ಸಮಾಧಾನ ಹೇಳಲಿಲ್ಲ, ಕತ್ತರಿ ಕೊಟ್ಟು ಬ್ಲಾಟಿಂಗ್ ಕತ್ತರಿಸಲು ಕೂರಿಸಿದರು. ಬೆಳಕು ಹರಿಯುವವರೆಗೂ ಅಕ್ಕ ನೆಲ ಬಿಟ್ಟು ಏಳಲಿಲ್ಲ. ಅಕ್ಕಾ, ಈ ಋಣ ತೀರುವಂಥದ್ದಲ್ಲ.

ಒಣಗಿಸಲು ಮಹಡಿ ಕೋಣೆ ಬಿಟ್ಟುಕೊಟ್ಟ ಐಸ್ ಕಾರ್ಖಾನೆಯವರಿಗೆ, ತಾಡಪಾಲು ಹೊತ್ತು ತಂದ ದೋಣಿಯ ಅಣ್ಣಂದಿರಿಗೆ, ಮಾಡಿನ ಮರದ ಪಕಾಸು ರೀಪು ಬದಲಿಸಿ ಹಂಚು ಕೂರಿಸಿದವರಿಗೆ, ಚಿರೆಕಲ್ಲಿನ ಗೋಡೆಯಲ್ಲಿ ಉಪ್ಪು ನೀರನ್ನು ಹಿಡಿದಿಟ್ಟಿದ್ದ ಸಿಮೆಂಟ್ ಗಿಲಾವು ಕೆತ್ತಿ ಒಂದಕ್ಕೆ ಮೂರರಂತೆ ಸುಣ್ಣ-ಮರಳಿನ ಗಿಲಾವು ಮಾಡಿದ ಮೇಸ್ತ್ರಿಗಳಿಗೆ ಕೈಮುಗಿಯುತ್ತೇವೆ.

ಈಗ ಬರುವವರಿಗೆ: ಕೈ ಒರೆಸಿಕೊಂಡು ಬನ್ನಿ. ಬೆವರಿದ ಬೆರಳಿಗೆ ಟಚ್‌ಸ್ಕ್ರೀನ್ ಒಂದು ಒತ್ತಿದರೆ ಇನ್ನೊಂದು ತೋರಿಸುತ್ತದೆ. ಕಾಳುಮೆಣಸಿನ ರಾಣಿ ಅಂತಲೇ ಹೆಸರಾದ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಕೋಣೆಯ ಕಾಳುಮೆಣಸಿನ ಡ್ರಾಯರ್ ಮೂಸಿ ನೋಡಿ ಮುಚ್ಚಿಬಿಡಿ, ತೆರೆದಿಟ್ಟರೆ ಮೆಣಸು ತೇವ ಎಳೆಯುತ್ತದೆ. 1930ರ ಅಂಕೋಲೆಯ ಉಪ್ಪಿನ ಸತ್ಯಾಗ್ರಹದ ಮೇಜಿನ ಉಪ್ಪನ್ನು ಮಾತ್ರ ಮಕ್ಕಳು ಧಾರಾಳ ಮುಟ್ಟಲಿ. ಕಿರ್ದಿಗಳ ನಕಲು ಪ್ರತಿ ಮೇಜಿನ ಮೇಲಿದೆ, ಹಾಳೆ ತಿರುವಿ ಓದಬಹುದು. ಮನೆಯಲ್ಲಿ ನೆಂದ ಹಳೇ ಪುಸ್ತಕವಿದ್ದರೆ ಬಿಚ್ಚದೆ ತನ್ನಿ, ಶನಿವಾರ ಮಧ್ಯಾಹ್ನ ಅಕ್ಕ ಇರುತ್ತಾರೆ.